ಮಾತು ಬಿಟ್ಟ ಅಕ್ಕನ ಜೊತೆ ಸಂಬೂರು ಸಫಾರಿ

ಮನೆಯಲ್ಲಿ ಯಾರಾದರೂ ಮಾತು ಬಿಟ್ಟಿರುವ ಹೊತ್ತಿಗೇ ಸರಿಯಾಗಿ ನಾವು ಎಲ್ಲಿಗಾದರೂ ಹೊರಡುತ್ತೇವೆ. ಇದು ನಮ್ಮ ವಂಶದ ಅಭ್ಯಾಸ. ಮಂಡ್ಯದಲ್ಲಿ ಟೂರಿಸ್ಟ್ ವ್ಯಾನು ಓಡಿಸಿಕೊಂಡೇ ನನ್ನ ತಲೆ ಬೆಳ್ಳಗಾಗಿದೆ. ಆ ಕಡೆ ಒಬ್ಬರು ಈ ಕಡೆ ಒಬ್ಬರು ಮುಖ ತಿರುಗಿಸಿಕೊಂಡು ದೇವಸ್ಥಾನ ಮುಟ್ಟಿದ ಎಷ್ಟೋ ಸಂಸಾರಗಳನ್ನು ಕನ್ನಡಿಯಲ್ಲಿ ನೋಡಿ ಒಳಗೊಳಗೇ ನಕ್ಕಿದ್ದೇನೆ. ಹೋದ ವರ್ಷ ನನ್ನ ಸರದಿ ಬಂತು. ಅದೂ ಆಫ್ರಿಕಾದಲ್ಲಿ.

ಮೊದಲು ಸಂಬಂಧ ಹೇಳಿಬಿಡುತ್ತೇನೆ. ನಾನು ಮದುವೆಯಾಗಿರುವುದು ನನ್ನ ಒಡಹುಟ್ಟಿದ ಅಕ್ಕನ ಮಗಳನ್ನು. ನಮ್ಮ ಕಡೆ ಇದೇನು ಹೊಸದಲ್ಲ. ಹೆಂಡತಿ ನನ್ನನ್ನು ಇವತ್ತಿಗೂ ‘ಮಾವ’ ಅಂತಲೇ ಕರೆಯುತ್ತಾಳೆ. ಕೊತ್ತತ್ತಿಯಲ್ಲಿರುವ ಅಕ್ಕ ನನಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಮಗಳ ಪರ ವಹಿಸಬೇಕಾದಾಗ ಅತ್ತೆ, ನನ್ನ ಕಿವಿ ಹಿಂಡಬೇಕಾದಾಗ ಅಕ್ಕ. ಎರಡರಲ್ಲೂ ನನಗೆ ಲಾಭವಿಲ್ಲ.

ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತು ಎಂದು ಹೆಂಡತಿ ಹಟ ಹಿಡಿದು, ಕೀನ್ಯಾ ದೇಶದ ಸಂಬೂರು ಎಂಬ ಸೀಮೆಗೆ ನಮ್ಮ ಮೂವರಿಗೂ ಟಿಕೆಟ್ ಮಾಡಿಸಿದಳು. ಕಾಡುಪ್ರಾಣಿ ನೋಡುವುದು, ಆಮೇಲೆ ದನ ಮೇಕೆ ಸಾಕುವ ಸಂಬೂರು ಜನರ ಹಟ್ಟಿಗೆ ಹೋಗಿ ಅವರ ಬದುಕು ನೋಡುವುದು. ಇನ್ನೇನು ಹೊರಡಬೇಕು ಅನ್ನುವಾಗ ಮಳವಳ್ಳಿಯಲ್ಲಿ ನೆಂಟರ ಬೀಗರೂಟ ಬಂತು. ಅಲ್ಲಿ ಎಲೆ ಮುಂದೆ ಕೂತು, ನಾಲ್ಕು ಜನರ ಎದುರಿಗೆ, ‘ನಮ್ಮಕ್ಕಂಗೆ ವಯಸ್ಸಾಯ್ತು, ಸಾರ್‌ಗೆ ಎಲ್ಡೆಲ್ಡ್ ಸಲ ಉಪ್ ಆಕ್ತಾವ್ಳೆ’ ಅಂದೆ. ಅಕ್ಕ ನನ್ನ ಹಿಂದೆಯೇ ನಿಂತಿದ್ದಳು. ಪ್ರವಾಸ ಬಿಡಲಿಲ್ಲ, ನನ್ನ ಜೊತೆ ಮಾತು ಬಿಟ್ಟಳು.

ನಗುವ ವಿಷಯವಾದರೂ ನನಗೆ ಒಳಗೆ ನಿಜವಾಗಿ ಸಂಕಟ. ಅವ್ವ ಗದ್ದೆಗೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗಿದವಳು ಈ ಅಕ್ಕ. ಸಿಂಹ ಕಾಣದಿದ್ದರೂ ಚಿಂತೆಯಿಲ್ಲ, ವಾಪಸ್ಸು ಬರುವಷ್ಟರಲ್ಲಿ ಇವಳ ಬಾಯಿ ಬಿಡಿಸಿದರೆ ಸಾಕು ಅಂತ ವಿಮಾನ ಹತ್ತಿದೆ.

ಆನೆ

ಅಲ್ಲಿ ನಮ್ಮ ಜೀಪು ಓಡಿಸುವವನೂ, ಊರು ತೋರಿಸುವವನೂ ಒಬ್ಬನೇ. ಸಂಬೂರು ಜನದವನೇ ಆದ ಯುವಕ, ಇಂಗ್ಲಿಷ್ ಚೆನ್ನಾಗಿ ಬಲ್ಲ. ವಿದೇಶಿಯರನ್ನು ಶ್ರೀರಂಗಪಟ್ಟಣ ಸುತ್ತಿಸಿ ಕಲಿತ ಹರುಕು ಮುರುಕು ಇಂಗ್ಲಿಷ್ ನನ್ನದು. ನಾನು ಅವನ ಪಕ್ಕ, ಹೆಂಡತಿ ಮತ್ತು ಅಕ್ಕ ಹಿಂದೆ.

ಮೊದಲನೇ ದಿನವೇ ಹೊಳೆ ದಾಟುತ್ತಿದ್ದ ಆನೆ ಹಿಂಡು ಸಿಕ್ಕಿತು. ಜೀಪಿನ ಮೇಲ್ಚಾವಣಿ ತೆರೆದಿತ್ತು. ನಾನು ಎದ್ದು ನಿಂತೆ.

‘ನಿನ್ ಗಂಡಂಗೆ ಕೂತ್ಕಳಕ್ಕೆ ಯೋಳವ್ವ, ನಂಗೆ ಆನೆ ಕಾಣ್ತಾ ಇಲ್ಲ’ ಅಂತ ಹಿಂದಿನಿಂದ ಅಕ್ಕ.

‘ಮಾವ, ಕೂತ್ಕಬೇಕಂತೆ’ ಅಂದಳು ಹೆಂಡತಿ.

‘ಆನೆ ನನಗಿಂತ ದೊಡ್ಡದು, ಕಾಣ್ತದೆ ಅಂತ ನಿಮ್ಮವ್ವಂಗೆ ಯೋಳು.’

‘ಆನೆಗಾದ್ರೂ ಸೊಲ್ಪ ನಾಚ್ಕೆ ಅದೆ, ತಾನಾಗೇ ಆಚ್ಗೆ ಓಯ್ತಾ ಅದೆ ಅಂತ ಯೋಳು.’

ಹೆಂಡತಿ ಪಾಪ, ಮುಂದಕ್ಕೊಂದು ಸಲ ಪಕ್ಕಕ್ಕೊಂದು ಸಲ ತಿರುಗಿ ಎಲ್ಲವನ್ನೂ ಒಪ್ಪಿಸುತ್ತಿದ್ದಳು. ಗೈಡ್ ಬಹಳ ಹೊತ್ತು ಕೇಳಿಸಿಕೊಂಡು, ಕೊನೆಗೆ ಅವಳನ್ನು ಮೆಚ್ಚುಗೆಯಿಂದ ಕೇಳಿದ: ‘ಮೇಡಂ, ನಿಮ್ಮ ಯಜಮಾನರದು ಒಂದು ಭಾಷೆ, ತಾಯಿಯದು ಇನ್ನೊಂದು ಭಾಷೆಯಾ? ಎರಡೂ ನನಗೆ ಒಂದೇ ಥರ ಕೇಳಿಸುತ್ತಿದೆ.’

ಕೋತಿ

ಮಾರನೇ ಬೆಳಗ್ಗೆ ಲಾಡ್ಜಿನ ಜಗಲಿಯಲ್ಲಿ ತಿಂಡಿಗೆ ಕೂತಿದ್ದೆವು. ಹೆಂಡತಿ ಮಾತ್ರೆ ತರಲು ರೂಮಿಗೆ ಹೋದಳು. ಮೇಜಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅಕ್ಕ. ನನ್ನ ಬೆನ್ನ ಹಿಂದಿನಿಂದ ಕಪ್ಪು ಮುಖದ ಕೋತಿಯೊಂದು ನನ್ನ ತಟ್ಟೆಗೆ ಹೊಂಚು ಹಾಕಿಕೊಂಡು ಬರುತ್ತಿತ್ತಂತೆ. ಅಕ್ಕ ನೋಡಿದಳು. ಹೇಳೋಣವೆಂದರೆ ಮಗಳಿಲ್ಲ. ಸ್ವಲ್ಪ ಹೊತ್ತು ಒದ್ದಾಡಿ, ಪಕ್ಕದ ಮರದ ಕಂಬವನ್ನು ನೋಡಿಕೊಂಡು, ‘ಕೋತಿ ಬತ್ತಾ ಅದೆ ಕಣಪ್ಪ’ ಅಂದಳು.

ನನಗೆ ಕೇಳಿಸಿತು. ಆದರೆ ಕಂಬಕ್ಕೆ ಹೇಳಿದ ಮಾತಿಗೆ ನಾನು ಯಾಕೆ ತಿರುಗಬೇಕು ಎಂದು ಗಂಭೀರವಾಗಿ ಕೂತೆ. ಕೋತಿ ಆಮ್ಲೆಟ್ಟನ್ನು ಮಡಚಿಕೊಂಡು ಮರ ಹತ್ತಿತು.

ಹೆಂಡತಿ ಬಂದು, ‘ಅವ್ವ, ನೋಡ್ಕಂಡು ಸುಮ್ನೆ ಕೂತಿದ್ದೀಯಲ್ಲ’ ಅಂತ ಸಿಡುಕಿದಳು.

‘ನಾನು ಯೋಳ್ದೆ ಕಣವ್ವ’ ಅಂದಳು ಅಕ್ಕ, ‘ಕಂಬ ಯೋಳ್ನಿಲ್ಲ.’

ಮನೆ ಕಟ್ಟಿದವರು

ಮೂರನೇ ದಿನ ಸಂಬೂರರ ಹಟ್ಟಿಗೆ ಹೋದೆವು. ಸುತ್ತ ಮುಳ್ಳುಬೇಲಿ, ಒಳಗೆ ತಗ್ಗಾದ ಗುಡಿಸಲುಗಳು. ಅಕ್ಕ ಗೋಡೆ ಮುಟ್ಟಿ, ಮೂಸಿ ನೋಡಿ, ‘ಸಗಣಿ ಚೆನ್ನಾಗ್ ಮೆತ್ತವ್ರೆ’ ಅಂತ ಒಪ್ಪಿದಳು. ಇಲ್ಲಿ ಕಡ್ಡಿ ತಂದು, ಮಣ್ಣು ಕಲಸಿ ಮನೆ ಕಟ್ಟುವವರು ಹೆಂಗಸರೇ ಎಂದು ಗೈಡ್ ಹೇಳಿದ. ಅವನು ಹೇಳಿದ್ದು ಅಷ್ಟೇ. ಹೆಂಡತಿ ಅದನ್ನು ಕನ್ನಡದಲ್ಲಿ ಹೇಳಿದ ತಕ್ಷಣ ಅಕ್ಕ ಅದಕ್ಕೊಂದು ಬಾಲ ಸೇರಿಸಿ ಹಿಂದಕ್ಕೆ ಕಳಿಸಿದಳು:

‘ನಿನ್ ಗಂಡಂಗೆ ಯೋಳು, ಇಲ್ಲಿ ಎಂಗಸ್ರು ಮಾಡಿದ್ ಊಟಾನ ಆಡ್ಕಂಡೋರು ಆಚ್ಗೆ ದನಿನ್ ಜೊತೆ ಮಲಗ್ಬೇಕಂತೆ.’

ಮರದಡಿಯ ತೀರ್ಮಾನ

ಹಟ್ಟಿಯ ನಡುವೆ ಒಂದು ಜಾಲಿ ಮರ. ಅದರ ನೆರಳಲ್ಲಿ ಪುಟ್ಟ ಮಣೆಯ ಮೇಲೆ ಹಿರಿಯಜ್ಜರೊಬ್ಬರು ಕೂತಿದ್ದರು. ನಮ್ಮನ್ನೂ ಕೂರಿಸಿ ಹಾಲು ಹಾಕಿದ ಟೀ ಕೊಡಿಸಿದರು. ಅಕ್ಕ ಅಷ್ಟು ದೂರ ಹೋಗಿ, ನನಗೆ ಬೆನ್ನು ಮಾಡಿ, ಸೆರಗನ್ನು ತಲೆ ಮೇಲೆ ಎಳೆದುಕೊಂಡು ಕೂತಳು. ನಾನು ಲೋಟ ಎತ್ತಿದ್ದನ್ನು ಓರೆಗಣ್ಣಲ್ಲಿ ನೋಡಿ ಅವಳು ಲೋಟ ಕೆಳಗಿಟ್ಟಳು.

ಅಜ್ಜ ಇದನ್ನೆಲ್ಲ ಗಮನಿಸಿ ಗೈಡನ್ನು ಏನೋ ಕೇಳಿದರು. ಅವನು ನನ್ನನ್ನು ಕೇಳಿದ: ‘ಆಕೆ ನಿಮಗೆ ಏನಾಗಬೇಕು?’

‘ಅತ್ತೆ, ಹೆಂಡತಿಯ ತಾಯಿ’ ಅಂದೆ.

ಅಜ್ಜನ ಮುಖ ಅರಳಿತು. ಸಂಬೂರರಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಎದುರು ಕೂತು ಉಣ್ಣಬಾರದು, ಮಾತಾಡಬಾರದು, ದೂರದಿಂದಲೇ ಮರ್ಯಾದೆ ಕೊಡಬೇಕು ಎಂದು ಗೈಡ್ ವಿವರಿಸಿದ. ‘ಇಲ್ಲಿಗೆ ಬರುವವರೆಲ್ಲ ಅತ್ತೆಯ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಇಷ್ಟು ಶಿಸ್ತಿನ ಅತ್ತೆ ಅಳಿಯನನ್ನು ಅಜ್ಜ ಹೊರಗಿನವರಲ್ಲಿ ಇದೇ ಮೊದಲು ನೋಡುತ್ತಿರುವುದಂತೆ.’

ಹೆಂಡತಿ ಅಕ್ಕನಿಗೆ ಹೇಳಿದಳು. ಅಕ್ಕನ ಬೆನ್ನು ಇನ್ನಷ್ಟು ನೆಟ್ಟಗಾಯಿತು. ಅಜ್ಜನ ಮನೆಯಾಕೆ ಬಂದು ಅವಳ ಕೊರಳಿಗೆ ಮಣಿಸರ ಹಾಕಿದಾಗ, ‘ನೋಡವ್ವ, ಮರ್ವಾದೆ ಅಂದ್ರೆ ಇದು’ ಅಂದಳು. ಇಷ್ಟು ದಿನ ಸಿಟ್ಟಿಗೆ ಬಿಟ್ಟಿದ್ದ ಮಾತನ್ನು ಇನ್ನು ಮರ್ಯಾದೆಗೆಂದು ಬಿಟ್ಟರೆ, ಈ ಜನ್ಮದಲ್ಲಿ ಅಕ್ಕ ನನ್ನ ಜೊತೆ ಮಾತಾಡುವುದಿಲ್ಲ.

ತಡೆಯಲಾರದೆ ಗೈಡಿಗೆ ಹೇಳಿದೆ: ‘ನನ್ನ ಸ್ವಂತ ಅಕ್ಕನೂ ಇದ್ದಾಳೆ.’

‘ಸಂತೋಷ. ಎಲ್ಲಿ?’

‘ಅವಳೇ.’

ಗೈಡ್ ನೆಲದ ಮೇಲೆ ಮೂರು ಕಲ್ಲು ಇಟ್ಟ. ಇದು ನೀವು, ಇದು ಅಕ್ಕ, ಇದು ಅಕ್ಕನ ಮಗಳು. ಹೆಂಡತಿಗೆಂದು ನಾಲ್ಕನೆಯ ಕಲ್ಲು ಹುಡುಕುತ್ತಿದ್ದ. ನಾನು ಮೂರನೆಯ ಕಲ್ಲನ್ನೇ ಎತ್ತಿ ನನ್ನ ಕಲ್ಲಿನ ಪಕ್ಕ ಇಟ್ಟೆ. ಅವನು ಕಲ್ಲು ನೋಡಿದ, ನನ್ನ ಹೆಂಡತಿಯನ್ನು ನೋಡಿದ, ‘ಇದನ್ನು ಅಜ್ಜನಿಗೆ ನೀವೇ ಹೇಳಿ’ ಅಂದ.

ಹೇಗೋ ಅವನೇ ಹೇಳಿದ. ಅಜ್ಜ ಮೂರನೆಯ ಕಲ್ಲನ್ನು ಅಕ್ಕನ ಕಲ್ಲಿನ ಪಕ್ಕ ಇಟ್ಟು ನೋಡಿದರು, ಮತ್ತೆ ನನ್ನ ಕಲ್ಲಿನ ಪಕ್ಕಕ್ಕೇ ಇಟ್ಟರು. ಆಮೇಲೆ ತೀರ್ಮಾನ ಕೊಟ್ಟರು: ‘ನಿಮ್ಮ ಪದ್ಧತಿ ನಿಮಗೆ. ಅತ್ತೆಯಾದರೆ ಮಾತಾಡುವುದು ತಪ್ಪು. ಒಡಹುಟ್ಟಿದವಳಾದರೆ ಮಾತು ಬಿಡುವುದು ತಪ್ಪು. ಮೊದಲು ಏನಾಗಿದ್ದಳು ಅಂತ ಆಕೆಯನ್ನೇ ಕೇಳಿ.’

ಹೆಂಡತಿ ಕೇಳಿದಳು. ಅಕ್ಕ ಸರದ ಮಣಿಗಳನ್ನು ಸವರಿದಳು. ‘ಇದೇನವ್ವ ಕೇಳೋ ಮಾತು. ಇವ್ನು ಉಟ್ಟಿದ್ ದಿನ್ವೇ ನಾನು ಅಕ್ಕ. ಅತ್ತೆ ಆಗಿದ್ದು ಮೊನ್ನೆ ಮೊನ್ನೆ’ ಅಂದಳು. ಅನ್ನುತ್ತಲೇ ಪೂರ್ತಿ ತಿರುಗಿ ನನ್ನ ಮುಖ ನೋಡಿದಳು.

‘ನನ್ ಕೈಯಾಗ್ ಉಂಡ್ ಬೆಳ್ದು, ಬೀಗ್ರ ಮುಂದೆ ನನ್ ಸಾರ್‌ನೇ ಆಡ್ಕತೀಯೇನ್ಲಾ?’

ಕಟ್ಟೆ ಒಡೆಯಿತು. ಬೀಗರೂಟದಿಂದ ಶುರುವಾಗಿ, ಸ್ಕೂಲು ತಪ್ಪಿಸಿ ನಾಲೆಯಲ್ಲಿ ಈಜಿದ್ದು, ಅವಳ ಮದುವೆಯಲ್ಲಿ ಚಪ್ಪರದ ಕಂಬ ಬೀಳಿಸಿದ್ದು, ಅವಳ ಮಗಳನ್ನು ಇಷ್ಟು ವರ್ಷ ಮೈಸೂರಿನಾಚೆ ಎಲ್ಲಿಗೂ ಕರೆದುಕೊಂಡು ಹೋಗದೇ ಇದ್ದದ್ದು, ಎಲ್ಲ ಬಂತು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ. ಕಣ್ಣಲ್ಲಿ ನೀರು, ಅದು ಸಂತೋಷಕ್ಕೆ. ಹಟ್ಟಿಯ ಹೆಂಗಸರು ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಅಜ್ಜ ಮಣೆಯನ್ನು ಎತ್ತಿಕೊಂಡು ಇನ್ನೂ ಸ್ವಲ್ಪ ಆಚೆಗೆ ಹೋಗಿ ಕೂತು, ಗೈಡಿಗೆ ಏನೋ ಹೇಳಿ ಕಳಿಸಿದರು. ಅವನು ನನ್ನ ಕಿವಿಯ ಹತ್ತಿರ ಬಗ್ಗಿದ.

‘ನಮ್ಮ ಹಿರಿಯರು ಆ ಪದ್ಧತಿ ಯಾಕೆ ಮಾಡಿದರು ಅಂತ ಈಗ ಗೊತ್ತಾಯಿತಾ ಅಂತ ಅಜ್ಜ ಕೇಳುತ್ತಿದ್ದಾರೆ.’

ಅಕ್ಕ ಅರ್ಧಕ್ಕೆ ಮಾತು ನಿಲ್ಲಿಸಿ, ‘ಏನಂತ್ಲಾ ಆ ಅಜ್ಜಯ್ಯ ಅಂದಿದ್ದು?’ ಎಂದು ನೇರ ನನ್ನನ್ನೇ ಕೇಳಿದಳು.

‘ನಿಲ್ಲುಸ್‌ಬ್ಯಾಡ, ಇಂಗೇ ಮಾತಾಡ್ತಾ ಇರು ಅಂದ್ರು ಕಣಕ್ಕ’ ಅಂದೆ.