ಕುದುರೆಗೌಡನ ನಾಲ್ಕು ಸಂಸಾರ

ಪರಭಾಷೆಯಲ್ಲಿ ಬರೆದದ್ದನ್ನು ಮನೆಯವರಿಗೆ ಓದಿ ಹೇಳುವವನಿಗೆ ಸಿಗುವ ಅಧಿಕಾರ ತಹಶೀಲ್ದಾರರಿಗೂ ಸಿಗಲಿಕ್ಕಿಲ್ಲ. ಅವನು ಹೇಳಿದ್ದೇ ಅರ್ಥ, ಬಿಟ್ಟದ್ದು ಇಲ್ಲವೇ ಇಲ್ಲ. ರೋಣದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುವ ನನಗೆ ಶಾಲೆಯಲ್ಲಿ ಈ ಅಧಿಕಾರ ನಡೆಯುವುದಿಲ್ಲ. ಹುಡುಗರು ಗೈಡು ನೋಡಿ ನನ್ನನ್ನೇ ತಿದ್ದುತ್ತಾರೆ. ಹಾಗಾಗಿ ಅದನ್ನೆಲ್ಲ ಮನೆಯಲ್ಲಿ, ಅವ್ವನ ಮುಂದೆ ಚಲಾಯಿಸುತ್ತಿದ್ದೆ.

ಕಣ್ಣಿನ ಪೊರೆ ತೆಗೆಸಿದ ಮೇಲೆ ಅವ್ವನಿಗೆ ಧಾರಾವಾಹಿಗಳ ಹೆಂಗಸರ ಸೀರೆಯ ಬಣ್ಣ ಕಣ್ಣಿಗೆ ಚುಚ್ಚತೊಡಗಿತು. ಬಣ್ಣವಿಲ್ಲದ್ದನ್ನು ಹುಡುಕುತ್ತ ಹುಡುಕುತ್ತ ಅಮೆರಿಕದ ಹಳೆಯ ಕಪ್ಪು-ಬಿಳುಪು ಸಿನಿಮಾಗಳಿಗೆ ಬಂದು ನಿಂತಳು. ಅದರಲ್ಲೊಬ್ಬ ನಟ ಅವಳಿಗೆ ಬಹಳ ಹಿಡಿಸಿದ. ಎತ್ತರದ ಆಳು, ಅಗಲ ಟೊಪ್ಪಿಗೆ, ಸದಾ ಕುದುರೆಯ ಮೇಲೆ. ಅವನ ಹೆಸರು ಅವ್ವನ ಬಾಯಲ್ಲಿ ತಿರುಗದ್ದರಿಂದ ಕುದುರೆಗೌಡ ಎಂದು ಕರೆದಳು. "ಮಾತು ಕಡಿಮಿ, ಕೆಲಸ ಚಲೋ. ಗಂಡಸು ಅಂದ್ರ ಹಿಂಗಿರಬೇಕು" ಎಂದು ನನ್ನ ಕಡೆ ನೋಡುವಳು.

ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅವ್ವನಿಗೆ ಅವನ ಮನೆತನದ ವಿಚಾರ ಬೇಕಾಯಿತು. "ತಮ್ಮಾ, ಅಂವಗ ಹೊಲ ಎಷ್ಟೈತಿ? ಮಕ್ಕಳೆಷ್ಟು? ಹೇಣ್ತಿ ಹ್ಯಾಂಗದಾಳ?" ಮೊಬೈಲಿನಲ್ಲಿ ಅವನ ಜೀವನ ಚರಿತ್ರೆ ತೆಗೆದು ಓದಿದೆ. ಆ ಹೆಸರೇ ಅವನದಲ್ಲ. ಸಂಬಳಕ್ಕಿಟ್ಟುಕೊಂಡ ಸಿನಿಮಾ ಕಂಪನಿ ಇಟ್ಟದ್ದು. ಹಲ್ಲೂ ಕಂಪನಿಯೇ ಕಟ್ಟಿಸಿದ್ದು. ಕುದುರೆಯೆಂದರೆ ಜೀವಭಯ, ಓಡಿಸುತ್ತಿದ್ದವನು ಬೇರೊಬ್ಬ. ಕುಡಿತ ಹೆಚ್ಚಾಗಿ ಕಂಪನಿಯವರು ಹೊರಗೆ ಹಾಕಿದ್ದರು. ಮದುವೆ ನಾಲ್ಕು.

ಇದನ್ನೆಲ್ಲ ಹೇಳಿದರೆ ಅವ್ವ ಟಿವಿ ಆರಿಸುತ್ತಾಳೆ, ಸಂಜೆಯಿಡೀ ನನ್ನನ್ನು ವಿಚಾರಿಸಿಕೊಳ್ಳುತ್ತಾಳೆ. ಆದ್ದರಿಂದ ಸ್ವಲ್ಪ ಸುಧಾರಿಸಿ ಹೇಳಿದೆ. ಕುಡಿತವನ್ನು ಸಕ್ಕರೆ ಕಾಯಿಲೆ ಮಾಡಿದೆ. ಹೊರಗೆ ಹಾಕಿದ್ದನ್ನು ರಜೆ ಮಾಡಿದೆ. ನಾಲ್ವರು ಹೆಂಡಿರನ್ನು ಒಬ್ಬಳನ್ನಾಗಿ ಮಾಡಿ, ಅವಳೊಂದಿಗೆ ಕೊನೆತನಕ ಸುಖವಾಗಿ ಬಾಳಿಸಿದೆ. ಅವ್ವನ ಕಣ್ಣು ತುಂಬಿದವು. ಅಡುಗೆಮನೆಯಿಂದ ನನ್ನ ಹೆಂಡತಿ ಕಸ್ತೂರಿ ಒಮ್ಮೆ ಇಣುಕಿ ನೋಡಿ ಒಳಗೆ ಹೋದಳು. ಅವಳು ನರಗುಂದದಲ್ಲಿ ಬಿ.ಎ. ಓದಿದವಳು. ಅದು ನನಗೆ ಆಗ ನೆನಪಾಗಲಿಲ್ಲ.

ಹೀಗಿರುವಾಗ ನನ್ನ ತಂಗಿ ಸುನಂದಾ ಗಜೇಂದ್ರಗಡದ ಗಂಡನ ಮನೆಯಿಂದ ಒಂದು ಬ್ಯಾಗು ಹಿಡಿದು ಬಂದಳು. ಗಂಡ ಈರಣ್ಣ ಕುಡಿಯುತ್ತಾನೆ, ತಾನು ಹೋಗುವುದಿಲ್ಲ ಅಂದಳು. ಅದಕ್ಕಿಂತ ಹೆಚ್ಚು ಏನು ಕೇಳಿದರೂ ಬಾಯಿ ಬಿಡಲಿಲ್ಲ. ಅವ್ವ ದಿನಾ ಅವಳನ್ನು ಟಿವಿಯ ಮುಂದೆ ಕೂಡಿಸಿಕೊಂಡು ಬುದ್ಧಿ ಹೇಳುವಳು: "ನೋಡು, ಹಗಲೆಲ್ಲಾ ಎಂತೆಂಥಾ ಚೆಲುವ್ಯಾರ ಜೋಡಿ ಪಾರ್ಟು ಮಾಡಿದ್ರೂ ಅಂವ ಒಬ್ಬಾಕಿ ಜೋಡಿ ಬಾಳೇ ಮಾಡ್ಯಾನ. ಆಕೀನೂ ತಾಳಕೊಂಡಾಳ. ಅಮೆರಿಕಾದಾಕಿಗೆ ಆಗೂದು ನಿನಗ ಆಗೂದಿಲ್ಲೇನು?" ಸುನಂದಾ ಸುಮ್ಮನೆ ಕುದುರೆ ನೋಡುವಳು. ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುವೆ.

ಒಂದು ಭಾನುವಾರ ಈರಣ್ಣ ಮತ್ತು ಅವನ ತಂದೆ ಸಂಗಪ್ಪನವರು ಅವಳನ್ನು ಕರೆದೊಯ್ಯಲು ಬಂದರು. ಈರಣ್ಣ ಬಾಗಿಲ ಹತ್ತಿರ ಕೂತು ಕಾಲಬೆರಳು ನೋಡತೊಡಗಿದ. ಸಂಗಪ್ಪನವರು, "ಬೀಗತ್ಯಾರ, ಗಂಡಸೂರು ಒಂದೀಟು ತಪ್ಪತಾರ. ಹೆಣ್ಮಕ್ಕಳು ಸಂಭಾಳಿಸಬೇಕು" ಅಂದರು.

"ನಾನೂ ಅದನ್ನ ಹೇಳಾಕತ್ತೀನ್ರಿ" ಎಂದು ಅವ್ವ ಕುದುರೆಗೌಡನ ಏಕಪತ್ನೀವ್ರತವನ್ನು ವಿಸ್ತಾರವಾಗಿ ಹೇಳಿದಳು. "ನಮ್ಮ ತಮ್ಮನೇ ಓದಿ ಹೇಳ್ಯಾನ, ಕೇಳ್ರಿ ಬೇಕಾದ್ರ." ಸಂಗಪ್ಪನವರು ನನ್ನ ಕಡೆ ತಿರುಗಿದರು. ನಾನು ತಲೆಯನ್ನು ಹೌದೂ ಅಲ್ಲದ, ಇಲ್ಲವೂ ಅಲ್ಲದ ಒಂದು ದಿಕ್ಕಿಗೆ ಅಲ್ಲಾಡಿಸಿದೆ. ಅವರು ಅದನ್ನು ಹೌದು ಎಂದೇ ತೆಗೆದುಕೊಂಡರು.

"ಸುನಂದಾ, ಅರಿಬಿ ತುಂಬಿಕೋ" ಅಂದಳು ಅವ್ವ.

ತಂಗಿ ನನ್ನ ಮುಖವನ್ನೊಮ್ಮೆ ನೋಡಿ ಎದ್ದು ಒಳಗೆ ಹೋದಳು. ಬ್ಯಾಗಿನ ಜಿಪ್ಪು ಎಳೆದ ಸದ್ದು ಕೇಳಿಸಿತು. ಈಗ ಬಾಯಿ ಬಿಟ್ಟರೆ ಬೀಗರ ಮುಂದೆ ಸುಳ್ಳುಗಾರನಾಗುತ್ತೇನೆ. ಬಿಡದಿದ್ದರೆ ನಾನು ಹುಟ್ಟಿಸಿದ ಗೃಹಸ್ಥನೊಬ್ಬನ ಮಾತಿನ ಮೇಲೆ ತಂಗಿ ಬಸ್ಸು ಹತ್ತುತ್ತಾಳೆ. ಗಂಟಲು ಸರಿಪಡಿಸಿಕೊಂಡೆ. ಸರಿಯಾದದ್ದು ಗಂಟಲು ಮಾತ್ರ, ಮಾತು ಬರಲಿಲ್ಲ.

ಅಷ್ಟರಲ್ಲಿ ಕಸ್ತೂರಿ ಚಹಾ ತಂದು ಎಲ್ಲರ ಮುಂದಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಮೆಲ್ಲಗೆ ಅಂದಳು: "ಅತ್ತೀ, ಅಂವಗ ನಾಕು ಲಗ್ನ ಆಗ್ಯಾವ್ರಿ."

"ಯಾರಿಗೆ?"

"ಕುದರಿಗೌಡಗರಿ."

ಅವ್ವ ನನ್ನನ್ನು ನೋಡಿದಳು. "ತಮ್ಮಾ, ಖರೇನ?"

"ಹೌದಬೇ" ಅಂದೆ.

ಅವ್ವ ನನ್ನನ್ನು ಅಲ್ಲಿಗೇ ಬಿಟ್ಟಳು. ಆಮೇಲೆ ಕಸ್ತೂರಿಯನ್ನೇ ಕೇಳಿದಳು: "ಮೊದಲನೇಕಿ ಯಾಕ ಬಿಟ್ಟು ಹ್ವಾದಳು?"

"ಕುಡದು ಬಂದು ಮೈಮ್ಯಾಲ ಕೈ ಮಾಡತಿದ್ದನಂತರಿ."

ಸುನಂದಾ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವ್ವ ಅವಳ ಕಡೆ ತಿರುಗಿದಳು. ಇಷ್ಟು ದಿನ ನಮ್ಮಲ್ಲಿ ಯಾರೂ ಕೇಳದಿದ್ದ ಮಾತನ್ನು ಕೇಳಿದಳು: "ನಿನ್ನ ಮ್ಯಾಲೂ ಕೈ ಮಾಡ್ಯಾನೇನವಾ?"

ಸುನಂದಾ ಬ್ಯಾಗನ್ನು ಕೆಳಗಿಟ್ಟಳು. ಉತ್ತರ ಕೊಟ್ಟವನು ಈರಣ್ಣ, ತಲೆ ಎತ್ತದೆಯೇ: "ನನಗ ಎಚ್ಚರ ಇರಲಿಲ್ರಿ, ಅತ್ತಿ."

ಸಂಗಪ್ಪನವರು ಮಗನನ್ನು ನೋಡಿದ ರೀತಿಯಿಂದ, ಅವರಿಗೂ ಇದು ಗೊತ್ತಿರಲಿಲ್ಲವೆಂದು ತಿಳಿಯಿತು. ಕುಡಿಯದೆಯೇ ಕಪ್ಪನ್ನು ಕೆಳಗಿಟ್ಟರು.

"ಚಾ ಕುಡೀರಿ, ಬೀಗರ" ಅಂದಳು ಅವ್ವ. "ಕುಡದು ನಿಮ್ಮ ಮಗನ್ನ ಕರಕೊಂಡು ಹೋಗಿ ಚಲೋ ದವಾಖಾನಿಗೆ ತೋರಸ್ರಿ. ಅಂವ ಕುಡಿಯೂದು ಬಿಟ್ಟ ಮ್ಯಾಲ, ನನ್ನ ಮಗಳು ತಾನಾಗಿ ಬರತೀನಿ ಅಂದ್ರ ಕಳಸ್ತೀನಿ. ಅಲ್ಲೀತನಾ ಇಲ್ಲೇ ಇರತಾಳ."

ಈರಣ್ಣನನ್ನು ಹುಬ್ಬಳ್ಳಿಯಲ್ಲಿ ದವಾಖಾನೆಗೆ ಸೇರಿಸಿದರು. ಈಗ ಒಮ್ಮೊಮ್ಮೆ ಬಂದು, ಪಡಸಾಲೆಯಲ್ಲಿ ಕೂತು, ನಾಲ್ಕು ಮಾತಾಡಿ ಹೋಗುತ್ತಾನೆ. ಸುನಂದಾ ಮದುವೆಗಾಗಿ ಅರ್ಧಕ್ಕೆ ಬಿಟ್ಟಿದ್ದ ಬಿ.ಎಡ್. ಮತ್ತೆ ಸೇರಿದ್ದಾಳೆ. ಹೋಗುತ್ತೇನೆಂದೂ ಹೇಳಿಲ್ಲ, ಇಲ್ಲವೆಂದೂ ಹೇಳಿಲ್ಲ. ಅವ್ವನೂ ಕೇಳುವುದಿಲ್ಲ.

ನನ್ನ ಅಧಿಕಾರ ಮಾತ್ರ ಹೋಯಿತು. ಈಗ ಓದಿ ಹೇಳುವವಳು ಕಸ್ತೂರಿ. ಮೊನ್ನೆ ಸಂಜೆ ಅವ್ವ, "ಆ ಮೂರನೇಕಿ ಯಾಕ ಬಿಟ್ಟಳಂತ?" ಅಂದಾಗ ಕಸ್ತೂರಿ ಮೊಬೈಲು ನೋಡಿ, "ಮನಿಯಾಗ ಬಾಯಿ ತಗದರ ಬರೇ ಸುಳ್ಳು ಹೇಳತಿದ್ದನಂತರಿ" ಅಂದಳು. ಅವ್ವ, ಸುನಂದಾ ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿದರು.

ಅವರಿಬ್ಬರೂ ಉಂಡು ಹೊರಗಿನ ಕಟ್ಟೆಗೆ ಹೋದ ಮೇಲೆ ನಾನು ಅದೇ ಪುಟ ತೆರೆದು ಸಾಲು ಸಾಲು ಓದಿದೆ. ಮೂರನೆಯವಳ ಬಗ್ಗೆ ಇದ್ದದ್ದು ಒಂದೇ ಮಾತು: ವಿಚ್ಛೇದನ. ಮೊದಲನೆಯವಳ ಬಗ್ಗೆಯೂ ಅಷ್ಟೇ. ಕೈ ಮಾಡಿದ ವಿಷಯ ಎಲ್ಲಿಯೂ ಇರಲಿಲ್ಲ.

ಅಡುಗೆಮನೆಗೆ ಹೋಗಿ ನಿಂತೆ. ಕಸ್ತೂರಿ ರೊಟ್ಟಿ ತಿರುವುತ್ತ ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಮೊಬೈಲು ನೋಡಿದಳು. "ಅಲ್ಲೆ ಬರದಿಲ್ಲ, ಹೌದಲ್ರಿ?" ಅಂದಳು. "ಸುನಂದಾನ ತಲಿ ಬಾಚೂಮುಂದ ಆಕಿ ಬೆನ್ನು ನೋಡಿದ್ದೆ. ಅದನ್ನ ಓದಿ ಹೇಳಿದೆ."

ನಾನು ತಟ್ಟೆ ಹಿಡಿದು ಕೂತೆ. ಹೊರಗೆ ಹೋಗಿ ನಿಜ ಸಂಗತಿ ಹೇಳಬಹುದಿತ್ತು. ಆದರೆ ಆ ಮನೆಯಲ್ಲಿ ನನ್ನ ಇಂಗ್ಲಿಷನ್ನು ನಂಬುವವರು ಯಾರೂ ಉಳಿದಿರಲಿಲ್ಲ. ಇನ್ನೊಂದು ರೊಟ್ಟಿ ಕೇಳಿದೆ.