ಪ್ರೊಸೆಸರ್‌ಗೆ ಹೆಣ್ಣು ನೋಡಿದ್ದು

ತಮಿಳುನಾಡಿನ ತಿರುಪ್ಪೂರಿನಿಂದ ಉಡುಮಲೈಪೇಟೆಯವರೆಗೆ ಇರುವ ಕನ್ನಡ ನೇಕಾರರ ಮನೆಗಳಲ್ಲಿ ನಲವತ್ತೆರಡು ಮದುವೆ ಕುದುರಿಸಿದ ಗುರುಸಾಮಿಯವರಿಗೆ ಸ್ವಂತ ಮನೆಯಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಹೀಗೆಂದು ಹೇಳಿಕೊಳ್ಳುತ್ತಿದ್ದವರು ಗುರುಸಾಮಿಯವರೇ, ಅದೂ ಹೆಂಡತಿ ತಂಗಮಣಿ ತಂದಿಟ್ಟ ಎರಡನೇ ಲೋಟ ಕಾಫಿ ಕುಡಿಯುತ್ತ. ಅವರ ದೂರು ಇಷ್ಟೇ: ಊರಿನವರೆಲ್ಲ ಬಾಗಿಲಿಗೆ ಬಂದು ವರಗಳ ಫೋಟೋ ಕೇಳುತ್ತಾರೆ, ಒಳಗಿರುವ ಇಪ್ಪತ್ತಾರು ವರ್ಷದ ಮಗಳು ಶೋಭನಾ ಮಾತ್ರ ಅಪ್ಪ ಮೇಜಿನ ಮೇಲಿಟ್ಟ ಫೋಟೋದ ಮೇಲೆ ಲೋಟ ಇಡುತ್ತಾಳೆ. ಉಡುಮಲೈಯ ದಿವಾಕರ್ ಎಂಬ ಒಳ್ಳೆಯ ಹುಡುಗನ ಮುಖದ ಮೇಲೆ ಆಗಲೇ ಎರಡು ಕಾಫಿ ಉಂಗುರ ಬಿದ್ದಿದ್ದವು.

ಗುರುಸಾಮಿ ಮೂವತ್ತು ವರ್ಷ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆ ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ದೀಪದ ಮೇಜಿನ ಮೇಲೆ ಹರಿಯುವ ಬಟ್ಟೆಯಲ್ಲಿ ಒಂದು ಎಳೆ ತಪ್ಪಿದ್ದರೂ ಅವರ ಬೆರಳು ನೇರ ಅಲ್ಲಿಗೇ ಹೋಗುತ್ತಿತ್ತು. ಅದೇ ಕಣ್ಣಿನಿಂದ ಅವರು ಜಾತಕ ನೋಡುತ್ತಿದ್ದರು. ಅವರ ಸಕಲ ಶಾಸ್ತ್ರಜ್ಞಾನವೂ ಉದ್ದನೆಯ ನೀಲಿ ನೋಟುಪುಸ್ತಕವೊಂದರಲ್ಲಿ ಅಡಗಿತ್ತು; ಮಾತು ಕನ್ನಡ, ಅಕ್ಷರ ತಮಿಳು. (ಕನ್ನಡ ಅಕ್ಷರ ಅವರಿಗೂ ಬಾರದು, ಅವರಪ್ಪನಿಗೂ ಬರುತ್ತಿರಲಿಲ್ಲ. ಅದಕ್ಕಾಗಿ ಯಾವ ಮದುವೆಯೂ ನಿಂತದ್ದಿಲ್ಲ.) ಆ ಶಾಸ್ತ್ರಕ್ಕೆ ಎರಡು ಮೂಲಸೂತ್ರಗಳು. ಒಂದೇ ಕುಲದ ಗಂಡು ಹೆಣ್ಣು ಅಣ್ಣತಂಗಿಯರು, ಅವರನ್ನು ಜೋಡಿಸಬಾರದು ಎಂಬುದು ಮೊದಲನೆಯದು. ಹೆಣ್ಣಿನ ಕಡೆಯ ಮಾತನ್ನು ಗಂಡಿನ ಕಡೆ ಎತ್ತಬಾರದು, ಎಲ್ಲ ಗಟ್ಟಿಯಾದ ಮೇಲೆಯೇ ಎದುರುಬದುರು ಮಾಡಬೇಕು ಎಂಬುದು ಎರಡನೆಯದು. ಇವೆರಡನ್ನೂ ನೆನಪಿಟ್ಟುಕೊಳ್ಳಿ, ಪಾಪ, ಅವರನ್ನು ಮುಳುಗಿಸಿದ್ದು ಇವೇ.

ಶೋಭನಾಳದು ಬೇರೆ ಲೋಕ. ಬನಿಯನ್ ಕಂಪನಿಗಳು ಹೊರದೇಶದ ಬಯ್ಯರ್‌ಗಳಿಗೆ ಕಳಿಸುವ ಚಿಕ್ಕ ವಿಡಿಯೋಗಳನ್ನು ಅವಳು ಎಡಿಟ್ ಮಾಡುತ್ತಿದ್ದಳು: ಮಗುವೊಂದು ಟೀ ಶರ್ಟ್ ಹಾಕಿಕೊಂಡು ಓಡುವುದು, ತೋಳಿನ ಹೊಲಿಗೆ ಹತ್ತಿರದಿಂದ ಕಾಣುವುದು, ಇಂಥವು. ಕೆಲಸ ಮುಗಿದ ಮೇಲೆ ಸಂಜೆ ಒಂದು ಗಂಟೆ ಗೇಮ್ ಆಡಿ ನಾಲ್ಕು ಶತ್ರುಗಳನ್ನಾದರೂ ಉರುಳಿಸದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅವಳ ಹಳೆಯ ಲ್ಯಾಪ್‌ಟಾಪ್ ಎರಡು ನಿಮಿಷದ ವಿಡಿಯೋ ಮುಗಿಸುವಷ್ಟರಲ್ಲಿ ತಂಗಮಣಿ ದೋಸೆ ಹಿಟ್ಟು ರುಬ್ಬಿ, ಗ್ರೈಂಡರ್ ತೊಳೆದು, ಒರೆಸಿಡುತ್ತಿದ್ದರು. ಎರಡೂ ಕೆಲಸಕ್ಕೆ ಆಗುವಂಥ ಕಂಪ್ಯೂಟರನ್ನು ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವುದೆಂದು ಅವಳು ನಿಶ್ಚಯಿಸಿದಳು.

"ಒಂದೊಂದು ಪಾರ್ಟೂ ಇನ್ನೊಂದಕ್ಕೆ ಒಗ್ಬೇಕಮ್ಮಾ. ಪೊರುತ್ತ ಸೆರಿ ಇಲ್ದಿದ್ರೆ ಆನ್ ಆಗೋದೇ ಇಲ್ಲ" ಎಂದು ಅವಳು ಅಡುಗೆಮನೆಯಲ್ಲಿ ಹೇಳುತ್ತಿದ್ದದ್ದು ಹಜಾರದಲ್ಲಿ ಪೇಪರ್ ಓದುತ್ತಿದ್ದ ಗುರುಸಾಮಿಯವರ ಕಿವಿಗೆ ಬಿತ್ತು.

ಪೊರುತ್ತ. ಗಂಡುಹೆಣ್ಣಿನ ಜಾತಕ ಕೂಡಿಬರುವುದಕ್ಕೆ ನಮ್ಮ ಕಡೆ ಹೇಳುವ ಮಾತು ಇದು. ಪೇಪರ್ ಮಡಚಿಟ್ಟು ಗುರುಸಾಮಿ ಎದ್ದರು. ಕಬ್ಬಿಣ, ತಗಡು, ಪ್ಲಾಸ್ಟಿಕ್ಕಿಗೂ ಪೊರುತ್ತ ಇರುತ್ತದೆಂದು ಇಷ್ಟು ವರ್ಷ ತಮಗೆ ಯಾರೂ ಹೇಳಿರಲಿಲ್ಲವಲ್ಲ ಎಂದು ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಮಗಳ ಫೋನಿನಲ್ಲಿ ಒಂದೊಂದೇ ಚಿತ್ರ ನೋಡುತ್ತ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಪ್ರೊಸೆಸರ್ ಅಂದರೆ ಯಜಮಾನ, ಎಲ್ಲ ಲೆಕ್ಕಾಚಾರ ಅವನದೇ, ಅಂದರೆ ಮಾಪಿಳ್ಳೆ, ಮದುವೆಯ ಗಂಡು. ಅವನು ಹೋಗಿ ಕೂರುವುದು ಮದರ್‌ಬೋರ್ಡ್ ಮೇಲೆ. ಬೋರ್ಡ್ ಅಂದರೆ ಮಣೆ, ಹಸೆಮಣೆ, ಸಂಶಯವೇ ಇಲ್ಲ, ಅದೇ ಹೆಣ್ಣು. ಹೆಣ್ಣನ್ನು ಮದುವೆಗೆ ಮುಂಚೆಯೇ ಮದರ್ ಎನ್ನುವುದೇಕೆ ಎಂಬುದು ಸ್ವಲ್ಪ ಕಾಡಿತು. ಹೇಗೂ ನಾಳೆ ತಾಯಿಯಾಗುವವಳೇ, ಕಂಪನಿಯವರು ಅವಸರಪಟ್ಟಿದ್ದಾರೆ ಎಂದುಕೊಂಡು ನೋಟಿನಲ್ಲಿ ಬರೆದುಕೊಂಡರು. ಗ್ರಾಫಿಕ್ಸ್ ಕಾರ್ಡ್ ನೋಡಿದೊಡನೆ ಅವರಿಗೆ ಗುರುತು ಹತ್ತಿತು. ದಪ್ಪನೆ ಮೈ, ಬೇಗ ಬಿಸಿಯಾಗುವ ಸ್ವಭಾವ, ತನಗೇ ಎಂದು ಮೂರು ಫ್ಯಾನು, ಪ್ರತ್ಯೇಕ ಕರೆಂಟಿನ ವೈರು. ಅತ್ತೆಯಲ್ಲದೆ ಮತ್ತಾರು? (ತಂಗಮಣಿ ಒಳಗಿನಿಂದ, "ಯಾರತ್ತೆ? ನಿಮ್ಮತ್ತೆನಾ ನಮ್ಮತ್ತೆನಾ?" ಎಂದು ಕೇಳಿದರು. ಗುರುಸಾಮಿ ಬೇಗನೆ ಮುಂದಿನ ಚಿತ್ರಕ್ಕೆ ಹೋದರು.)

ಅಷ್ಟರಲ್ಲಿ ಗುರುಸಾಮಿಯವರ ತಲೆಯಲ್ಲಿ ಒಂದು ದಿವ್ಯ ಯೋಚನೆ ಹುಟ್ಟಿತು.

"ಅಮ್ಮಿಣಿ, ಈ ಪಾರ್ಟೆಲ್ಲಾ ನಾನು ನೋಡಿ ಸೇರಿಸ್ತೀನಿ. ಮೊದಲ್ನೇ ಸಲ ಒತ್ತಿದಾಗ್ಲೇ ಆನ್ ಆಯ್ತು ಅಂದ್ರೆ, ಉಡುಮಲೈ ಹುಡುಗನ್ನ ನಾನ್ ಹೇಳ್ದಂಗೆ ನೋಡ್ಬೇಕು. ಸೆರಿಯಾ?"

ಶೋಭನಾಳಿಗೆ ದಿವಾಕರ್ ಮೇಲೆ ಸಿಟ್ಟಿರಲಿಲ್ಲ. ತನ್ನನ್ನು ಒಂದು ಮಾತೂ ಕೇಳದೆ ಅಪ್ಪ ನೋಟಿನಲ್ಲಿ ಟಿಕ್ ಹಾಕುತ್ತಾರಲ್ಲ, ಅದು ಅವಳಿಗೆ ಸಂಕಟದ ವಿಷಯ.

"ಆನ್ ಆಗ್ಲಿಲ್ಲ ಅಂದ್ರೆ?"

"ಆಗುತ್ತೆ."

"ಆಗ್ಲಿಲ್ಲ ಅಂದ್ರೆ ಆ ನೀಲಿ ನೋಟು ನನ್ನ ಕೈಗೆ. ನನ್ ವಿಷಯ ನಾನೇ ವಿಚಾರಿಸ್ಕೊಳ್ತೀನಿ. ನೀವು ಒಂದ್ ಮಾತಾಡಂಗಿಲ್ಲಪ್ಪಾ."

ನಲವತ್ತೆರಡು ಮದುವೆಯ ಬಲದಿಂದ ಗುರುಸಾಮಿ ಒಪ್ಪಿದರು. ತಂಗಮಣಿ ಮಧ್ಯಸ್ಥರಾದರು. ಮಗಳು ಅಪ್ಪನಿಗೆ ಹೇಳಿಕೊಡಬಾರದು, ಜೋಡಿಸುವಾಗ ಅವಳ ಕೈ ಮಾತ್ರ ಆಡಬೇಕು, ಬಾಯಿ ಆಡಬಾರದು ಎಂದು ತೀರ್ಮಾನವಾಯಿತು.

ಮರುದಿನವೇ ಗುರುಸಾಮಿ ಬಸ್ಸು ಹತ್ತಿ ಕೊಯಮತ್ತೂರಿಗೆ ಹೋದರು. ಅಲ್ಲಿ ಕಂಪ್ಯೂಟರ್ ಅಂಗಡಿಯ ಶಣ್ಮುಗಂ ಎಂಬುವರನ್ನು ಮೂರು ಗಂಟೆ ಕಾಲ ನಿಲ್ಲಿಸಿ ಕೇಳಿದರು. ಪ್ರೊಸೆಸರ್‌ನ ಸ್ವಭಾವ ಹೇಗೆ, ಬಿಸಿ ಜಾಸ್ತಿಯೇ, ಒಂದೇ ಸಲಕ್ಕೆ ಎಷ್ಟು ಕೆಲಸ ತಲೆಗೆ ಹಚ್ಚಿಕೊಳ್ಳುತ್ತದೆ? ಎಂಟು ಕೋರ್, ಹದಿನಾರು ಥ್ರೆಡ್ ಎಂದು ಶಣ್ಮುಗಂ ಹೇಳಿದಾಗ ಗುರುಸಾಮಿಯವರ ಮನಸ್ಸು ತುಂಬಿ ಬಂತು. ಥ್ರೆಡ್ ಅಂದರೆ ನೂಲು. ಹುಡುಗ ನಮ್ಮ ಕಸುಬಿನವನೇ. ಕೆಂಪು ಡಬ್ಬಿಯಲ್ಲಿದ್ದ ಆ ಪ್ರೊಸೆಸರನ್ನು ಅವರು ಕೂಡಲೇ ಗೊತ್ತು ಮಾಡಿದರು.

ಆಗ ಶಣ್ಮುಗಂ ಒಂದು ಬೋರ್ಡನ್ನೂ ತಂದು ಪಕ್ಕದಲ್ಲಿಟ್ಟು, ಅಭಿಮಾನದಿಂದ, "ಇದನ್ನೇ ತಗೊಳ್ಳಿ ಸಾರ್, ಎರಡೂ ಒರೇ ಫ್ಯಾಮಿಲಿ" ಎಂದರು.

ಗುರುಸಾಮಿ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಒಂದೇ ಕುಲ. ಅಣ್ಣತಂಗಿ. ಹೊಟ್ಟೆಪಾಡಿಗಾಗಿ ವ್ಯಾಪಾರಿಗಳು ಎಂಥ ಕೆಲಸಕ್ಕೂ ಇಳಿಯುತ್ತಾರಲ್ಲ ಎಂದು ಅವರಿಗೆ ಬೇಸರವಾಯಿತು. ಬೋರ್ಡ್ ಬೇರೆ ಕಡೆ ನೋಡಿ ಆಗಿದೆ ಎಂದು ಸುಳ್ಳು ಹೇಳಿ, ಅತ್ತೆಯನ್ನೂ ಉಳಿದ ಬಳಗವನ್ನೂ ಅಲ್ಲೇ ಕಟ್ಟಿಸಿಕೊಂಡು ಬಸ್ಸು ಹತ್ತಿದರು.

ಹೆಣ್ಣು ಸಿಕ್ಕಿದ್ದು ತಿರುಪ್ಪೂರಿನಲ್ಲೇ, ಪಂಕಜಂ ಎಂಬಾಕೆಯ ಅಂಗಡಿಯಲ್ಲಿ. ನೀಲಿ ಡಬ್ಬಿಯ ಕಂಪನಿಯ ಕಡೆಯ ಬೋರ್ಡು. ಕೆಂಪು ಕಂಪನಿಗೂ ಇದಕ್ಕೂ ಸಂಬಂಧವೇನಾದರೂ ಉಂಟೇ ಎಂದು ಎರಡು ಸಲ ಕೇಳಿದರು. ಏನೇನೂ ಇಲ್ಲ, ಅವರೇ ಬೇರೆ ಇವರೇ ಬೇರೆ, ಎರಡು ಕಂಪನಿಗೂ ಪೈಪೋಟಿ ಎಂದು ಪಂಕಜಂ ಖಚಿತವಾಗಿ ಹೇಳಿದರು. ಗುರುಸಾಮಿಯವರಿಗೆ ಬೇಕಾಗಿದ್ದುದೂ ಅದೇ. ಯಾವ ಪ್ರೊಸೆಸರ್ ಇಟ್ಟುಕೊಂಡಿದ್ದೀರಿ ಎಂದು ಆಕೆ ಕೇಳಿದಾಗ, ಎರಡನೇ ಸೂತ್ರ ನೆನೆದು, ಹುಡುಗ ಒಳ್ಳೆಯ ಕಡೆಯವನು ಎಂದಷ್ಟೇ ಹೇಳಿದರು. ಆಕೆ ಅವರನ್ನು ಒಂದು ಥರ ನೋಡಿ ಬಿಲ್ಲು ಬರೆದರು. ಬೇಡವೆಂದರೆ ಏಳು ದಿನದೊಳಗೆ ಬಿಲ್ಲು ತಂದರೆ ಬದಲಿಸಿ ಕೊಡುವುದಾಗಿಯೂ, ಬಿಲ್ಲಿಲ್ಲದೆ ಬರಬಾರದೆಂದೂ ಹೇಳಿದರು. ಕೂಡಿಬಂದ ಸಂಬಂಧಕ್ಕೆ ಬಿಲ್ಲೇಕೆ ಎಂದು ಗುರುಸಾಮಿ ಅದನ್ನು ಮುದುರಿ ಜೇಬಿಗೆ ತುರುಕಿದರು.

ಶುಕ್ರವಾರ ರಾಹುಕಾಲಕ್ಕೆ ಮುಂಚೆ, ಬೆಳಿಗ್ಗೆ ಒಂಬತ್ತಕ್ಕೆ, ಹಜಾರದಲ್ಲಿ ಚಾಪೆ ಹಾಸಿ ಮುಹೂರ್ತ ಆರಂಭವಾಯಿತು. ಬೋರ್ಡಿಗೆ ಕುಂಕುಮ ಇಡಲು ಹೊರಟವರನ್ನು ಶೋಭನಾ ಕೈ ಹಿಡಿದು ತಡೆದಳು. ಡಬ್ಬಿಗಳನ್ನು ನೋಡಿದ ಗಳಿಗೆಯಿಂದ ಅವಳ ತುಟಿ ಅಲುಗಾಡುತ್ತಿತ್ತು, ಆದರೆ ಮಾತಾಡುವಂತಿರಲಿಲ್ಲ. ಪ್ರೊಸೆಸರನ್ನು ಎರಡು ಬೆರಳಲ್ಲಿ ಎತ್ತಿ ಬೋರ್ಡಿನ ಗುಳಿಯ ಮೇಲೆ ಹಿಡಿದು ಹಾಗೇ ನಿಂತಳು.

ಹುಡುಗ ಚೌಕ. ಮಣೆ ಉದ್ದ.

ಗುರುಸಾಮಿ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ತಿರುಗಿಸಿ ಹಿಡಿ ಎಂದರು, ತಿರುಗಿಸಿದಳು, ಚೌಕವನ್ನು ಎಷ್ಟು ತಿರುಗಿಸಿದರೂ ಚೌಕವೇ.

"ಹೊಸದ್ರಲ್ಲಿ ಹಂಗೇ ಇರುತ್ತೆ. ಒಸಿ ಅಮುಕು, ಕೂತ್ಕೊಳುತ್ತೆ."

"ಅಮುಕ್ಬೇಡ ಅಮ್ಮಿಣಿ" ಎಂದು ತಂಗಮಣಿ ಮುಂದೆ ಬಂದರು. ಗುಳಿಯೊಳಗೆ ಕೂದಲೆಳೆಯಂಥ ನೂರಾರು ಕಾಲುಗಳು ಮಿಂಚುತ್ತಿದ್ದವು. "ಅಮುಕಿದ್ರೆ ಅವೆಲ್ಲ ಬಗ್ಗೋಗಲ್ವಾ?"

ಬಾಯಿ ಬಿಡಲು ಅಮ್ಮನ ಅಪ್ಪಣೆ ಪಡೆದು ಶೋಭನಾ ವಿವರಿಸಿದಳು. ಈ ಲೋಕದಲ್ಲಿ ಒಂದೇ ಫ್ಯಾಮಿಲಿಯವರು ಮಾತ್ರ ಒಬ್ಬರ ಮೇಲೊಬ್ಬರು ಕೂರಲು ಸಾಧ್ಯ, ಬೇರೆ ಕುಲ ಸೇರುವುದೇ ಇಲ್ಲ. ಶಣ್ಮುಗಂ ಅಂಗೈಯಲ್ಲಿಟ್ಟು ಕೊಟ್ಟ ಸಂಬಂಧವನ್ನು ತಾವೇ ಪಾಪವೆಂದು ಒದ್ದು ಬಂದದ್ದು ಗುರುಸಾಮಿಯವರಿಗೆ ಈಗ ತಿಳಿಯಿತು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಬಂದವು.

"ಇದು ಕುಲಗೋತ್ರ ಇಲ್ದಿರೋ ಜಾತಿ" ಎಂದರು ಕೊನೆಗೆ. "ಮನುಷ್ಯರ ವಿಷಯ್ದಲ್ಲಿ ನನ್ ಪೊರುತ್ತ ಒಂದೂ ತಪ್ಪಿಲ್ಲ. ನೋಟು ಹೆಂಗೂ ಇನ್ನು ನಿಂದೇ, ತಗೊಂಡು ಮೊದಲ್ನೇ ಪುಟ ಓದು. ನಮ್ದೇ ಇದೆ. ಹತ್ತಕ್ಕೆ ಎಂಟು."

ಶೋಭನಾ ನೀಲಿ ನೋಟು ತೆರೆದು ಗಟ್ಟಿಯಾಗಿ ಓದಿದಳು. ಗುರುಸಾಮಿ, ಹಸ್ತ ನಕ್ಷತ್ರ. ತಂಗಮಣಿ, ರೋಹಿಣಿ ನಕ್ಷತ್ರ. ಆ ಜಾತಕಗಳನ್ನು ತಾವೇ ಕೂಡಿಸಿ ನೋಡಿ, ಆ ಮದುವೆಯ ಧೈರ್ಯದ ಮೇಲೆಯೇ ಗುರುಸಾಮಿ ಮುಂದಿನ ನಲವತ್ತೊಂದಕ್ಕೆ ಕೈ ಹಾಕಿದ್ದರು.

ತಂಗಮಣಿ ಸೆರಗಿನಿಂದ ಮುಖ ಒರೆಸಿಕೊಂಡರು. "ರೋಹಿಣಿ ನಮ್ ರಾಮಾಯಿ ಅಕ್ಕಂದು" ಎಂದರು.

ತಂಗಮಣಿಯ ಜಾತಕ ಗೆದ್ದಲು ತಿಂದು ಹೋಗಿತ್ತಂತೆ. ಅವರ ತಂದೆ ಲಿಂಗಪ್ಪನ್, ಹೇಗೂ ದೊಡ್ಡವಳ ಮದುವೆ ಆಗಿಹೋಗಿದೆ, ಅವಳ ಜಾತಕ ಸುಮ್ಮನೆ ಪೆಟ್ಟಿಗೆಯಲ್ಲಿ ಬಿದ್ದಿದೆಯಲ್ಲ ಎಂದು ಅದನ್ನೇ ಕಳಿಸಿದ್ದರಂತೆ. ಮೂವತ್ತು ವರ್ಷ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗುರುಸಾಮಿಯವರ ಸ್ವರ ಸಣ್ಣದಾಯಿತು. "ಹಂಗಾದ್ರೆ ಇಷ್ಟು ವರ್ಷ ಹೆಂಗೆ ಹೊಂದ್ಕೊಂತು?"

"ಹೊಂದ್ಕೊಂತು ಅಂತ ಯಾರ್ ಹೇಳಿದ್ದು? ನಾನು ಒಸಿ ಬಗ್ಗಿ ಕೂತೆ."

ಶೋಭನಾ ನಗಲು ಹೊರಟವಳು ಅಮ್ಮನ ಮುಖ ನೋಡಿ ನಿಲ್ಲಿಸಿದಳು. ನೋಟನ್ನು ಎದೆಗವಚಿಕೊಂಡು ತನ್ನ ಕೋಣೆಗೆ ಹೋದಳು. ಅಲ್ಲಿಂದ ಉಡುಮಲೈಯ ನಂಬರಿಗೆ ಅವಳೇ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ್ದು ಹೊರಗೆ ಕೇಳಿಸಿತು. ಹೊರಬಂದು, ದಿವಾಕರ್ ಮುಂದಿನ ವಾರ ಬರುತ್ತಾರೆ, ತಾನೇ ಕರೆದಿದ್ದೇನೆ, ಇಷ್ಟವಾದರೆ ಹೇಳುತ್ತೇನೆ, ಆಗದಿದ್ದರೂ ಹೇಳುತ್ತೇನೆ ಎಂದಳು. ಗುರುಸಾಮಿ ಷರತ್ತಿನಂತೆ ಬಾಯಿ ಮುಚ್ಚಿಕೊಂಡಿದ್ದರು.

ಬೋರ್ಡ್ ಬದಲಾಯಿಸುವುದು ಬಾಕಿಯಿತ್ತು. ಜೇಬು ತಡಕಿದರೆ ಬಿಲ್ಲಿಲ್ಲ. ಅಂಗಿ ಒಗೆಯುವ ಮುಂಚೆಯೇ ತಂಗಮಣಿ ಅದನ್ನು ತೆಗೆದು, ನೀವಿ, ಸಾಸಿವೆ ಡಬ್ಬಿಯಲ್ಲಿಟ್ಟಿದ್ದರು. ಸೋಮವಾರ ಪಂಕಜಂ ಅಂಗಡಿಯಿಂದ ಕೆಂಪು ಕುಲದ ಬೋರ್ಡು ಬಂತು, ಪ್ರೊಸೆಸರ್ ಅಮುಕದೆಯೇ ಕೂತಿತು, ಗುಂಡಿ ಒತ್ತಿದ ಮೊದಲ ಸಲಕ್ಕೇ ಒಳಗೆ ದೀಪ ಹತ್ತಿ ಅತ್ತೆಯ ಮೂರೂ ಫ್ಯಾನು ತಿರುಗಿದವು. ಶೋಭನಾ ಹೋ ಎಂದಳು. ಗುರುಸಾಮಿ ಮಾತ್ರ ಪರದೆಯನ್ನು ನೋಡದೆ ಹೆಂಡತಿಯನ್ನೇ ನೋಡುತ್ತಿದ್ದರು. ಮೂರು ದಿನದಿಂದ ಒಂದು ಕುತೂಹಲ ಅವರನ್ನು ಕೊರೆಯುತ್ತಿತ್ತು. ಕೊನೆಗೆ ತಡೆಯಲಾರದೆ, ನಿನ್ನ ನಿಜವಾದ ನಕ್ಷತ್ರ ಯಾವುದು, ಒಂದು ಸಲ ಕೂಡಿಸಿ ನೋಡೋಣ ಎಂದು ಮೆಲ್ಲಗೆ ಕೇಳಿದರು.

"ನೋಡಿ ಏನ್ ಮಾಡ್ತೀರುಂಗ?" ತಂಗಮಣಿ ಸಾಸಿವೆ ಡಬ್ಬಿಯ ಮುಚ್ಚಳ ಹಾಕಿದರು. "ಏಳು ದಿನ ಯಾವಾಗ್ಲೋ ಮುಗ್ದೋಯ್ತು. ಬಿಲ್ಲೂ ಇಲ್ಲ."