ಲೆಕ್ಕ ನೆಟ್ಟಗಿರುವ ಬ್ಯಾಂಕು ನಮಗಲ್ಲ

ಹೆಂಡತಿ: ಇದೂ ಆಗಲ್ವಾ? ಹಸಿರು ಬೋರ್ಡಿನ ಬ್ಯಾಂಕು ರೀ, ಉಳಿತಾಯ ಖಾತೆಗೇ ನೂರಕ್ಕೆ ನಾಲ್ಕು ಬಡ್ಡಿ!

ಗಂಡ: ನಾಲ್ಕಲ್ಲ, ನಲವತ್ತು ಕೊಡಲಿ. ಅದರ ಲೆಕ್ಕ ನೋಡೋದು ನಮ್ಮ ಆಫೀಸು. ನಾವು ಲೆಕ್ಕ ನೋಡೋ ಬ್ಯಾಂಕಲ್ಲಿ ನಮ್ಮ ದುಡ್ಡಿರಬಾರದು. ರೂಲ್ಸು.

ಗಂಡ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಹದಿನಾಲ್ಕು ವರ್ಷ ಕೂತು ಸವೆದವನು. ಇವರ ಹಳೆಯ ಬ್ಯಾಂಕು ಮುಂದಿನ ತಿಂಗಳಿಂದ ಬಡ್ಡಿ ಇಲ್ಲವೆಂದು ಕಾಗದ ಬರೆದಿತ್ತು. ಹೊಸ ಬ್ಯಾಂಕು ಗೊತ್ತುಮಾಡಿ, ನಾಳೆ ಬೆಳಿಗ್ಗೆ ದುಡ್ಡು ಯಾವ ಬ್ಯಾಂಕಲ್ಲಿದೆ ಎಂದು ಕೇಳುವ ಆಫೀಸಿನ ಫಾರಂನಲ್ಲಿ ತುಂಬಿಕೊಡಬೇಕು. ಎಲ್ಲ ರೂಲ್ಸಿನಂತಿದ್ದರೆ ಬಡ್ತಿ, ಇಲ್ಲದಿದ್ದರೆ ಬಡ್ತಿಯ ಆಸೆಗೆ ಎಳ್ಳುನೀರು. ಹೆಂಡತಿ ಮನೆಯಲ್ಲೇ ಪರದೆ ಹೊಲಿದು ಕೊಡುವವಳು. ಹೊಲಿಗೆ ಯಂತ್ರದ ಪಕ್ಕ ಬ್ಯಾಂಕುಗಳ ಪಟ್ಟಿ ಇಟ್ಟುಕೊಂಡು ಒಂದೊಂದನ್ನೇ ಓದುತ್ತಿದ್ದಳು. ಅವನು ಒಂದೊಂದಕ್ಕೂ ಗೀಟು ಹಾಕುತ್ತಿದ್ದ.

ಹೆಂಡತಿ: ಮೂಲೆ ಬ್ಯಾಂಕು?

ಗಂಡ: ಅದರ ಲೆಕ್ಕವೂ ನಮ್ಮದೇ.

ಹೆಂಡತಿ: ಗಡಿಯಾರದಂಗಡಿ ಎದುರಿನದು?

ಗಂಡ: ಅದನ್ನ ಕೊಂಡುಕೊಂಡಿರೋ ದೊಡ್ಡ ಬ್ಯಾಂಕಿನ ಲೆಕ್ಕ ನಮ್ಮದು. ಹಾಗಾಗಿ ಅದೂ ಬೇಡ.

ಹೆಂಡತಿ: ನನ್ನನ್ನ ಮದುವೆ ಆಗುವಾಗಲೂ ನೀವು ಇಷ್ಟು ವಿಚಾರಿಸಿರಲಿಲ್ಲ.

ಗಂಡ: ಆಗ ಅನುಭವ ಇರಲಿಲ್ಲ ಕಣೇ.

ಹೆಂಡತಿ: ಕೊನೇದು ಇದು. ಮೆಟ್ಟಿಲ ಕೆಳಗಿನ ಬ್ಯಾಂಕು.

ಗಂಡ: ಆಗುತ್ತೆ! ಧಾರಾಳವಾಗಿ ಆಗುತ್ತೆ!

ಹೆಂಡತಿ: ಇದರ ಲೆಕ್ಕ ನೀವು ನೋಡಲ್ವಾ?

ಗಂಡ: ನೋಡೋಕೆ ಹೋಗಿದ್ವಿ. ಎರಡು ದಿನ ನೋಡಿದ್ವಿ. ಮೂರನೇ ದಿನ ನಮ್ಮ ಸಾಹೇಬರು ಕೈಮುಗಿದು ಎದ್ದು ಬಂದರು.

ಹೆಂಡತಿ ಯಂತ್ರ ನಿಲ್ಲಿಸಿದಳು.

ಹೆಂಡತಿ: ಅಂದ್ರೆ, ನೀವು ನೋಡಿ ನೆಟ್ಟಗಿದೆ ಅಂದ ಬ್ಯಾಂಕಲ್ಲಿ ದುಡ್ಡು ಇಡೋ ಹಾಗಿಲ್ಲ. ನೀವು ನೋಡಿ ಓಡಿಬಂದ ಬ್ಯಾಂಕಲ್ಲಿ ಇಡಬಹುದು.

ಗಂಡ: ರೂಲ್ಸು ಹಾಗೇ ಹೇಳುತ್ತೆ.

ಹೆಂಡತಿ: ಎಂಥಾ ಬುದ್ಧಿವಂತರು! ನಮ್ಮ ದುಡ್ಡು ಮುಳುಗಿದ್ರೂ ಚಿಂತೆಯಿಲ್ಲ, ನಿಮ್ಮ ಪ್ರಾಮಾಣಿಕತೆ ತೇಲ್ತಾ ಇರಬೇಕು. ಹೋಗಲಿ, ನನ್ನ ಹೆಸರಲ್ಲಿ ಇಡೋಣ.

ಗಂಡ: ಹೆಂಡತಿ ಹೆಸರಲ್ಲೂ ಇರಬಾರದು. ಐದು ವರ್ಷದಿಂದ ಬರೆದುಕೊಡ್ತಾ ಬಂದಿದ್ದೀನಿ, 'ನನ್ನ ಹೆಂಡತಿಗೆ ಎಲ್ಲೂ ಖಾತೆ ಇಲ್ಲ' ಅಂತ.

ಹೆಂಡತಿ: ನನ್ನನ್ನ ಕೇಳದೇನಾ?

ಗಂಡ: ಕೇಳೋದೇನು? ಪರದೆ ಹೊಲಿದ ದುಡ್ಡು ಸೂಜಿ ದಾರಕ್ಕೇ ಸರಿಹೋಗುತ್ತೆ ಅಂತ ನೀನೇ ಹೇಳ್ತಿದ್ದೆಯಲ್ಲ.

ಹೆಂಡತಿ: ಹೇಳ್ತಿದ್ದೆ.

ಅವಳು ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ಆಗಲೇ ಪೋಣಿಸಿಯಾಗಿತ್ತು. ಬೇರೆಯವರ ಲೆಕ್ಕದಲ್ಲಿ ಎಂಟಾಣೆ ಕಾಣೆಯಾದರೂ ಮೂಗಿನಲ್ಲೇ ಹಿಡಿಯುವ ಗಂಡನಿಗೆ ಮನೆಯ ಲೆಕ್ಕದ ವಾಸನೆ ಈಗ ಬಡಿಯಿತು. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಗಂಡ: ಯಾವ ಬ್ಯಾಂಕು?

ಅವಳು ಪಟ್ಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಹಸಿರು ಬೋರ್ಡು.

ಗಂಡ: ಅಯ್ಯಯ್ಯೋ! ಅದರ ಲೆಕ್ಕ ನಾನೇ ಕಣೇ ನೋಡೋದು! ಒಂದೊಂದು ಖಾತೆಗೂ ಈ ಕೈಯಲ್ಲೇ ಟಿಕ್ ಹಾಕಿದ್ದೀನಿ!

ಹೆಂಡತಿ: ಗೊತ್ತು. ನನ್ನ ಖಾತೆಗೂ ಹಾಕಿರ್ತೀರಿ, ಹೆಸರು ಓದಿರಲ್ಲ ಅಷ್ಟೆ. ನೀವು ನೋಡ್ತೀರಲ್ಲ ಅನ್ನೋ ಧೈರ್ಯಕ್ಕೇ ಅಲ್ಲಿ ಇಟ್ಟಿದ್ದು.

ಗಂಡನಿಗೆ ಒಂದು ಕ್ಷಣ ಹೆಮ್ಮೆಯೂ ಆಯಿತು. ಹದಿನಾಲ್ಕು ವರ್ಷದಲ್ಲಿ ಅವನ ಕೆಲಸವನ್ನು ಯಾರಾದರೂ ನಂಬಿದ್ದು ಇದೇ ಮೊದಲು. ಆಮೇಲೆ ಫಾರಂ ನೆನಪಾಯಿತು.

ಗಂಡ: ನಾಳೆ ನಿಜ ಬರೀಲೇಬೇಕು. ಹೋಯ್ತು ನನ್ನ ಬಡ್ತಿ!

ಹೆಂಡತಿ: ಬಡ್ತಿ ಸಿಕ್ಕಿದ್ರೆ ತಿಂಗಳಿಗೆ ಎಷ್ಟು ಜಾಸ್ತಿ ಬರ್ತಿತ್ತು?

ಗಂಡ: ಎಂಟುನೂರು.

ಹೆಂಡತಿ: ಅಷ್ಟೇನಾ? ನನಗೆ ಬಡ್ಡೀನೇ ಅದಕ್ಕಿಂತ ಜಾಸ್ತಿ ಬರುತ್ತೆ, ಬಿಡಿ.

ಗಂಡ ಕುರ್ಚಿಯಿಂದ ಅರ್ಧ ಎದ್ದ.

ಗಂಡ: ಅಂದ್ರೆ... ಅದರಲ್ಲಿ ಒಟ್ಟು ಎಷ್ಟಿದೆ?

ಹೆಂಡತಿ: ಹೆಂಡತಿ ಹತ್ರ ಎಷ್ಟಿದೆ ಅಂತ ಬರೆಯೋಕೆ ನಿಮ್ಮ ಫಾರಂನಲ್ಲಿ ಜಾಗ ಇದೆಯಾ?

ಗಂಡ: ಇಲ್ಲ. ಯಾವ ಬ್ಯಾಂಕು ಅಂತ ಮಾತ್ರ ಕೇಳಿದ್ದಾರೆ.

ಹೆಂಡತಿ: ಹಾಗಾದ್ರೆ ನೀವೂ ಅಷ್ಟೇ ಕೇಳಿ. ರೂಲ್ಸು!